ಥೌ ಲೆಕ್ಕದ ಸುಖ

“ಇಸುಜು ಎಂಜಿನ್ ಇರುವ ಅಂಬಾಸಿಡರ್‌ಗಳೇ ಈಗ ಗುಜರಿಗೆ ಬರುತ್ತಿವೆಯಲ್ಲ ಮಾವ. ಅದನ್ನೇ ಎತ್ತಿ ಇದರಲ್ಲಿ ಕೂರಿಸಿದರೆ ಮುಗಿಯಿತು. 1817 ಸಿಸಿ, ಐದು ಗೇರು. ಈ ಹಳೆಯದನ್ನು ಹೀಗೆ ಬಿಚ್ಚಿ ಹರಡಿಕೊಂಡು ಯಾಕೆ ಕೂತಿದ್ದೀರಿ?”

ಕೇಳಿದವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕೇಳಿಸಿಕೊಂಡವರು ಅವಳ ಸೋದರಮಾವ. ಮೈಸೂರಿನಲ್ಲಿ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಹಳೆಯ ಅಂಬಾಸಿಡರಿಗೆ ತಮ್ಮದೇ ಲೆಕ್ಕದಲ್ಲಿ ಎಂಜಿನ್ ಕಟ್ಟುತ್ತಿದ್ದವರು. ಸ್ಟ್ಯಾಂಡಿಗೆ ಬಿಗಿದದ್ದು ಬರೀ ಬ್ಲಾಕು. ಮೇಜಿನ ಮೇಲೆ ಕ್ರ್ಯಾಂಕು, ಕ್ಯಾಮು, ನಾಲ್ಕು ಕನೆಕ್ಟಿಂಗ್ ರಾಡು, ಎಂಟು ವಾಲ್ವು. ಯಾವುದು ಯಾವ ಸಿಲಿಂಡರಿನದು ಎಂದು ಒಂದೊಂದಕ್ಕೂ ಚೀಟಿ.

“ಇಸುಜು ಒಳ್ಳೆಯ ಎಂಜಿನ್ನೇ, ಅದರ ಮೇಲೆ ನನ್ನ ತಕರಾರಿಲ್ಲ,” ಎಂದರು ಮಾವ. “ಈ ಬ್ಲಾಕಿನ ಕುಲಗೋತ್ರ ಗೊತ್ತಾದರೆ ನೀನೂ ಸ್ವಲ್ಪ ಹೊತ್ತು ಇದರ ಮುಂದೆ ನಿಲ್ಲುತ್ತೀಯ.”

ಕುಲಗೋತ್ರ ದೊಡ್ಡದೇ. ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಅಂಬಾಸಿಡರ್ ಹೆಸರಿನಲ್ಲಿ ತಯಾರಿಸತೊಡಗಿತು. ಆ ಕಾರ್ಖಾನೆಯಲ್ಲಿ ಕೆಲಸ ನಿಂತದ್ದು 2014ರಲ್ಲಿ. ದಶಕಗಳ ಕಾಲ ಆ ಕಾರನ್ನು ಎಳೆದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಮನೆತನದ್ದು. ಸಿಲಿಂಡರಿನ ಅಗಲ 73 ಮಿ.ಮೀ., ಪಿಸ್ಟನ್ನಿನ ಓಟ 88.9 ಮಿ.ಮೀ. ಇದೇ ಅಳತೆಯ ಎಂಜಿನ್ ಹೊತ್ತು 1955ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರು ಹೊರಬಂತು. ನಮ್ಮ ರಸ್ತೆಗಳಲ್ಲಿ ಸುಮಾರು 50 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ ಎರಡು ಎಸ್‌ಯು ಕಾರ್ಬ್ಯುರೇಟರು, ಬೇರೆ ಕ್ಯಾಮು, ಹೆಚ್ಚಿನ ಕಂಪ್ರೆಷನ್ನಿನೊಂದಿಗೆ ಮೊದಲು 68, ಆಮೇಲೆ 72 ಅಶ್ವಶಕ್ತಿ ಕೊಟ್ಟಿತು. 1962ರ ಎಂಜಿಬಿ ಹೊತ್ತಿಗೆ ಅದೇ ಮನೆತನದ ಎಂಜಿನ್ 1798 ಸಿಸಿಗೆ ಬೆಳೆದಿತ್ತು.

“ಅಂದರೆ ಅಂಬಾಸಿಡರ್ ಒಳಗೆ ಎಂಜಿಎ ಕೂರಿಸುತ್ತಿದ್ದೀರಿ.”

“ಅದೂ ಅಲ್ಲ. ಎಂಜಿಎ ಸುಮಾರು ಒಂಬೈನೂರು ಕೆ.ಜಿ. ತೂಕದ ಇಬ್ಬರ ಕಾರು. ಇದು ಹನ್ನೊಂದು ನೂರು ಕೆ.ಜಿ. ದಾಟುತ್ತೆ, ಮೇಲೆ ಐದು ಜನ, ಡಿಕ್ಕಿ ತುಂಬ ಸಾಮಾನು. ನಿಮ್ಮಮ್ಮನನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟ ಹತ್ತಬೇಕು, ಮಡಿಕೇರಿಗೂ ಹೋಗಿಬರಬೇಕು. ನನಗೆ 5500 ಸುತ್ತಿನಲ್ಲಿ ಹಾರುವ ಎಂಜಿನ್ ಬೇಡ. 2000ದಿಂದ 3500ರ ನಡುವೆ ಬಿಗಿಯಾಗಿ ಎಳೆಯುವುದು ಬೇಕು. ಕಾರ್ಖಾನೆಯವರು ಎಲ್ಲರಿಗೂ ಹೊಂದಲಿ ಎಂದು ಮಾಡಿದ್ದರು, ನಾನು ಒಂದು ಕಾರಿಗೆ, ಒಂದು ಮನೆಗೆ, ನಾಲ್ಕಾರು ದಾರಿಗಳಿಗೆ ಮಾಡುತ್ತಿದ್ದೇನೆ. ಬ್ಲಾಕು ಅದೇ ಇರುವುದರಿಂದ ಆರ್‌ಸಿಯಲ್ಲಿರುವ ಎಂಜಿನ್ ನಂಬರೂ ಬದಲಾಗುವುದಿಲ್ಲ.”

ಇಂಥ ಕೆಲಸದ ಬಹುಪಾಲು ಅಳತೆಯೇ. ಸ್ಪ್ಯಾನರ್ ಹಿಡಿಯುವ ಹೊತ್ತು ಕಡಿಮೆ, ಮೈಕ್ರೋಮೀಟರ್ ಹಿಡಿಯುವ ಹೊತ್ತು ಹೆಚ್ಚು. ಲೇತ್ ಅಂಗಡಿಗಳಲ್ಲಿ ಮಾತೆಲ್ಲ ಥೌ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು, 0.0254 ಮಿ.ಮೀ. ಬಹಳ ದೂರ ಓಡಿದ ಸಿಲಿಂಡರು ಕಣ್ಣಿಗೆ ದುಂಡಗೆ ಕಂಡರೂ ದುಂಡಗಿರುವುದಿಲ್ಲ. ಪಿಸ್ಟನ್ ಮೇಲಿನ ತುದಿಗೆ ಬಂದು ಹಿಂತಿರುಗುವ ಕಡೆ ರಿಂಗಿಗೆ ಎಣ್ಣೆ ಸಾಲದು, ಒತ್ತಡ ವಿಪರೀತ. ಸವೆತ ಅಲ್ಲೇ ಹೆಚ್ಚು. ರಾಡು ಓರೆಯಾಗಿ ತಳ್ಳುವುದರಿಂದ ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ಸವೆಯುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ನಾಲ್ಕು ಸಿಲಿಂಡರಿಗೆ ಇಪ್ಪತ್ತನಾಲ್ಕು ಅಳತೆ.

“ಪಿಸ್ಟನ್ನು 10, 20, 30, 40 ಥೌ ಓವರ್‌ಸೈಜಿನಲ್ಲಿ ಬರುತ್ತವೆ. ನಾನು 20ಕ್ಕೆ ಬೋರಿಂಗ್ ಮಾಡಿಸುತ್ತಿದ್ದೇನೆ.”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. “20ಕ್ಕೆ ಎಂಜಿನ್ 1510 ಸಿಸಿ ಆಗುತ್ತೆ. 40ಕ್ಕೆ ಹೋದರೆ 1531. ಹೇಗೂ ಕೊರೆಸುತ್ತೀರಲ್ಲ, ದೊಡ್ಡದನ್ನೇ ಮಾಡಿಸಿಬಿಡಬಹುದಲ್ಲ?”

“ಇಪ್ಪತ್ತೊಂದು ಸಿಸಿ ಜಾಸ್ತಿ ಆದರೆ ಕಾರಿಗೆ ಗೊತ್ತೂ ಆಗಲ್ಲ. ಆದರೆ ಒಮ್ಮೆ ತೆಗೆದ ಕಬ್ಬಿಣ ತಿರುಗಿ ಬರಲ್ಲ ಕಣಮ್ಮ. 20ಕ್ಕೆ ಸವೆತ ಪೂರ್ತಿ ಹೋಗುತ್ತೆ ಅಂದರೆ 20ಕ್ಕೇ ನಿಲ್ಲಿಸಬೇಕು. ಇನ್ನೂ ಎರಡು ಸಲ ಬೋರ್ ಮಾಡುವಷ್ಟು ದಪ್ಪ ಉಳಿಯಲಿ. ಈ ಕಾರು ನನ್ನ ನಂತರವೂ ಓಡಬೇಕಲ್ಲ.”

ಈ ತೀರ್ಮಾನ ಮೆಚ್ಚುವಂಥದ್ದು. ಎಂಜಿನ್ ಕಟ್ಟುವವರ ಹೆಚ್ಚುಗಾರಿಕೆಯನ್ನು ಜನ ಸಾಮಾನ್ಯವಾಗಿ ಅಶ್ವಶಕ್ತಿಯಲ್ಲಿ ಅಳೆಯುತ್ತಾರೆ. ಎಷ್ಟು ಲೋಹವನ್ನು ಮುಟ್ಟದೆ ಬಿಟ್ಟರು ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಹಳೆಯ ಬ್ಲಾಕಿನ ಮೇಲೆ ಮಾವನಿಗೆ ಇನ್ನೊಂದು ಕಾರಣಕ್ಕೂ ಪ್ರೀತಿ. ಎರಕದ ಕಬ್ಬಿಣ ಅಚ್ಚಿನಲ್ಲಿ ತಣ್ಣಗಾಗುವಾಗ ಒಳಗೆ ಬಿಗಿತ ಉಳಿಯುತ್ತದೆ. ವರ್ಷಗಟ್ಟಲೆ ಕಾದು ಆರಿದ ಮೇಲೆ ಅದು ಸಡಿಲಿ, ಕೊರೆದ ಅಳತೆ ನಿಲ್ಲುತ್ತದೆ ಎಂದು ಬೋರಿಂಗ್ ಮಾಡುವವರು ಹೇಳುತ್ತಾರೆ. ಇದು ಬರೀ ಲೇತ್ ಅಂಗಡಿಯ ಮಾತಲ್ಲ. ನೆಲ್ಸನ್ ಪಿಕೆ 1983ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದ ಬ್ರಾಭಮ್ ಕಾರಿನಲ್ಲಿದ್ದ ಬಿಎಂಡಬ್ಲ್ಯು ಟರ್ಬೊ ಎಂಜಿನ್ನಿನ ಬ್ಲಾಕು ಸಾಮಾನ್ಯ ರಸ್ತೆ ಕಾರುಗಳ ಎಂ10 ಬ್ಲಾಕಿನಿಂದ ಬಂದದ್ದು. ಅದಕ್ಕಾಗಿ ರಸ್ತೆಯಲ್ಲಿ ಓಡಿ ಪಳಗಿದ ಬ್ಲಾಕುಗಳನ್ನು ಆರಿಸುತ್ತಿದ್ದರು.

ಮೇಜಿನ ಇನ್ನೊಂದು ತುದಿಯಲ್ಲಿ ತಕ್ಕಡಿ ಇತ್ತು, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವಂಥದ್ದು. ಮಾವ ರಾಡೊಂದರ ಚಿಕ್ಕ ತುದಿಯನ್ನು ಕೊಂಡಿಗೆ ನೇತುಹಾಕಿ, ದೊಡ್ಡ ತುದಿಯನ್ನು ತಕ್ಕಡಿಯ ಮೇಲಿಟ್ಟರು. ಆಮೇಲೆ ತಿರುಗಿಸಿ ಚಿಕ್ಕ ತುದಿಯನ್ನೂ ತೂಗಿದರು. ನಾಲ್ಕರಲ್ಲಿ ಹಗುರಾದದ್ದು ಯಾವುದೋ ಅದಕ್ಕೆ ಉಳಿದ ಮೂರನ್ನು ಸರಿದೂಗಿಸುವುದು ಕ್ರಮ. ಉಜ್ಜುವುದಕ್ಕೂ ಜಾಗ ಗೊತ್ತುಮಾಡಿದೆ: ಚಿಕ್ಕ ತುದಿಯ ನೆತ್ತಿ ಮತ್ತು ದೊಡ್ಡ ತುದಿಯ ಕ್ಯಾಪಿನ ತಳ. ನಡುವಿನ ತೊಲೆಯ ಮೇಲೆ ಅಡ್ಡ ಗೀರೂ ಬೀಳಬಾರದು. ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ.

“ಎರಡು ಮೂರು ಗ್ರಾಮಿಗೆ ಇಷ್ಟೆಲ್ಲ ಬೇಕಾ?” ಎಂದವಳು, ಮಾವ ಉತ್ತರಿಸುವ ಮೊದಲೇ ಚೀಟಿಯೊಂದರ ಹಿಂದೆ ಬರೆಯತೊಡಗಿದಳು. ಓಟ 88.9 ಮಿ.ಮೀ., ನಿಮಿಷಕ್ಕೆ 5000 ಸುತ್ತು. ಪಿಸ್ಟನ್ನು ಮೇಲೊಮ್ಮೆ ಕೆಳಗೊಮ್ಮೆ ನಿಂತು ದಿಕ್ಕು ಬದಲಿಸಬೇಕು, ನಿಮಿಷಕ್ಕೆ ಹತ್ತು ಸಾವಿರ ಸಲ. ರಾಡಿನ ಉದ್ದ ಕೇಳಿಕೊಂಡು ಮುಂದುವರಿಸಿದಳು. “ಮೇಲಿನ ತುದಿಯಲ್ಲಿ ವೇಗೋತ್ಕರ್ಷ ಗುರುತ್ವದ ಒಂದೂವರೆ ಸಾವಿರ ಪಟ್ಟು! ಒಂದು ಪಿಸ್ಟನ್ ಹತ್ತು ಗ್ರಾಂ ಜಾಸ್ತಿ ಇದ್ದರೆ ಅದು ರಾಡನ್ನು ಹದಿನೈದು ಕೆ.ಜಿ. ಬಲದಲ್ಲಿ ಹೆಚ್ಚಾಗಿ ಜಗ್ಗುತ್ತೆ.”

“ಹೌದಾ? ಲೆಕ್ಕ ನನಗೆ ಗೊತ್ತಿರಲಿಲ್ಲ. ಒಂದೇ ತೂಕ ಇಲ್ಲದಿದ್ದರೆ ಬೇರಿಂಗು ಬೇಗ ಹೋಗುತ್ತೆ, ಸ್ಟಿಯರಿಂಗ್ ಅದುರುತ್ತೆ ಅಂತ ಮಾತ್ರ ಗೊತ್ತಿತ್ತು.”

ಆ ಚೀಟಿಯನ್ನು ಮಾವ ಗೋಡೆಗೆ ಅಂಟಿಸಿದರು. ಅಲ್ಲಿಂದ ಮಾತು ಸಿಲಿಂಡರ್ ಹೆಡ್ಡಿಗೆ ಬಂತು.

ಬಿ-ಸೀರೀಸ್ ಎಂಜಿನ್ನಿನ ಅತ್ಯಂತ ಕುತೂಹಲದ ಭಾಗ ಹೆಡ್ಡೇ. ಅದರ ಹೃದಯಾಕಾರದ ದಹನಕೋಣೆಯ ಹಿಂದೆ ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ತಂತ್ರಜ್ಞನ ಕೆಲಸವಿದೆ. ಎಂಜಿನ್ನಿನೊಳಗೆ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಅಳೆದು ನೋಡಿ ಹೆಡ್ಡು ರೂಪಿಸಿದವರಲ್ಲಿ ಅವರ ಹೆಸರು ಮುಂಚೂಣಿಯದು. ಆದರೆ ಈ ಹೆಡ್ಡಿನಲ್ಲಿ ಎಂಟು ವಾಲ್ವಿಗೆ ಇರುವುದು ಐದೇ ದಾರಿ. ಒಂದನೆಯ ಮತ್ತು ಎರಡನೆಯ ಸಿಲಿಂಡರಿಗೆ ಗಾಳಿ ಬರುವ ದಾರಿ ಒಂದೇ, ಮೂರಕ್ಕೂ ನಾಲ್ಕಕ್ಕೂ ಮತ್ತೊಂದು. ಹೊಗೆ ಹೋಗಲು ಒಂದಕ್ಕೂ ನಾಲ್ಕಕ್ಕೂ ಬೇರೆಬೇರೆ ದಾರಿ, ಎರಡಕ್ಕೂ ಮೂರಕ್ಕೂ ಸೇರಿ ಒಂದು.

“ಬೆಂಕಿ ಹತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು,” ಎಂದು ಮಾವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು. “ಎರಡಾದ ಮೇಲೆ ಮತ್ತೆ ಒಂದು. ಈಗ ನೀನೇ ಹೇಳು, ಒಂದೇ ದಾರಿಯಲ್ಲಿ ಗಾಳಿ ಎಳೆಯುವ ಎರಡು ಮತ್ತು ಒಂದರ ಗತಿ ಏನು?”

ಅವಳು ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. “ಎರಡರ ಸರದಿಯಾಗಿ 180 ಡಿಗ್ರಿಗೆ ಒಂದರ ಸರದಿ. ಆಮೇಲೆ 540 ಡಿಗ್ರಿ ಆ ದಾರಿಯಲ್ಲಿ ಕೇಳುವವರೇ ಇಲ್ಲ. ಗಾಳಿಯ ವಾಲ್ವು ಎಷ್ಟು ಡಿಗ್ರಿ ತೆರೆದಿರುತ್ತೆ?”

“ಎಂಜಿಬಿ ಕ್ಯಾಮಿನಲ್ಲಿ 252.”

“ಹಾಗಾದರೆ 72 ಡಿಗ್ರಿ ಎರಡೂ ವಾಲ್ವು ಒಟ್ಟಿಗೇ ತೆರೆದಿರುತ್ತವೆ. ಎರಡನೆಯದು ನಿಂತ ಗಾಳಿಯನ್ನು ಹೊರಡಿಸಬೇಕು; ಅದು ಓಡತೊಡಗಿದ ಹೊತ್ತಿಗೆ ಒಂದನೆಯದು ಬಾಯಿ ತೆರೆದು ತನ್ನ ಕಡೆಗೆ ಎಳೆದುಕೊಳ್ಳುತ್ತೆ. ನಾಲ್ಕಕ್ಕೂ ಸಮನಾಗಿ ಸಿಗುವುದೇ ಇಲ್ಲ!” ಸ್ವಲ್ಪ ತಡೆದು ಮತ್ತೆ ಎಣಿಸಿದಳು. “ಹೊಗೆಯ ಕಡೆ ತೊಂದರೆ ಇಲ್ಲ. ಎರಡಕ್ಕೂ ಮೂರಕ್ಕೂ 360 ಡಿಗ್ರಿ ಅಂತರ ಇದೆ, ಡಿಕ್ಕಿ ಆಗಲ್ಲ.”

“ಅದಕ್ಕೇ ನಾನು ದೊಡ್ಡ ಕ್ಯಾಮಿಗೆ ಆಸೆಪಡದೆ ಇರುವುದು. ವಾಲ್ವು 280 ಡಿಗ್ರಿ ತೆರೆದಿಡುವ ರೇಸಿಂಗ್ ಕ್ಯಾಮ್ ಹಾಕಿದರೆ ಈ ಕಿತ್ತಾಟ 100 ಡಿಗ್ರಿ ಆಗುತ್ತೆ. ಮೇಲಿನ ಸುತ್ತಿನಲ್ಲಿ ಗಾಳಿಯ ಓಟವೇ ಜೋರಿರುವುದರಿಂದ ಅದು ನಡೆಯಬಹುದು. ಊರೊಳಗೆ ನಿಧಾನ ಹೋಗುವಾಗ ಎಂಜಿನ್ ಎಗರಾಡುತ್ತೆ.”

ಸ್ವಂತ ಲೆಕ್ಕದಲ್ಲಿ ಎಂಜಿನ್ ಕಟ್ಟುವುದರ ರುಚಿ ಇಲ್ಲಿದೆ. ಒಂದನ್ನು ಆರಿಸಿದರೆ ಇನ್ನೊಂದು ಅದನ್ನು ಹಿಡಿದುಕೊಂಡೇ ಬರುತ್ತದೆ. ಕ್ಯಾಮು ಆರಿಸಿದರೆ ಕಾರ್ಬ್ಯುರೇಟರ್ ಆರಿಸಿದಂತೆ. ಕಂಪ್ರೆಷನ್ ಎಷ್ಟು ಎಂದರೆ ಯಾವ ಪೆಟ್ರೋಲು ಎಂದು ಕೇಳಬೇಕಾಗುತ್ತದೆ. ಆ ಪೆಟ್ರೋಲೂ ಈ ಎಂಜಿನ್ ಹುಟ್ಟಿದ ಕಾಲದ್ದಲ್ಲ. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು. ಗಾಳಿಗೂ ಮಕ್ಕಳಿಗೂ ಅದರಿಂದ ಒಳ್ಳೆಯದೇ ಆಯಿತು. ಹಳೆಯ ಹೆಡ್ಡುಗಳಿಗೆ ಮಾತ್ರ ಹೊಸ ಕಷ್ಟ ಬಂತು. ಮೊದಲು ಸೀಸದ ತೆಳು ಲೇಪ ವಾಲ್ವಿಗೂ ಅದು ಕೂರುವ ಸೀಟಿಗೂ ನಡುವೆ ಮೆತ್ತೆಯಾಗಿ ನಿಲ್ಲುತ್ತಿತ್ತು. ಅದಿಲ್ಲದೆ ಕೆಂಪಗೆ ಕಾದ ಹೊಗೆಯ ವಾಲ್ವು ಎರಕದ ಕಬ್ಬಿಣಕ್ಕೆ ಕಣಕಣವಾಗಿ ಅಂಟಿ ಕಿತ್ತು ಬರುತ್ತದೆ, ಸೀಟು ತಗ್ಗುತ್ತಾ ಹೋಗುತ್ತದೆ. ಪರಿಹಾರವೆಂದರೆ ಆ ಜಾಗ ಕೊರೆದು ಗಟ್ಟಿ ಉಕ್ಕಿನ ಉಂಗುರ ಒತ್ತಿ ಕೂರಿಸುವುದು. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದನ್ನು ತಾಳುವುದಿಲ್ಲ, ಬದಲಿಸಬೇಕು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಇಂಧನವನ್ನೂ ತುಸು ಹೆಚ್ಚು ಬಿಡಬೇಕು.

“ಎಸ್‌ಯು ಕಾರ್ಬ್ಯುರೇಟರಿನಲ್ಲಿ ಅದು ಸುಲಭ,” ಎಂದು ಮಾವ ಮೊನಚು ಸೂಜಿಯೊಂದನ್ನು ಎತ್ತಿ ತೋರಿಸಿದರು. ಗಾಳಿಯ ಎಳೆತ ಹೆಚ್ಚಿದಂತೆ ಕಾರ್ಬ್ಯುರೇಟರಿನ ಒಳಗಿನ ಪಿಸ್ಟನ್ ಏರುತ್ತದೆ, ಅದರೊಂದಿಗೆ ಈ ಸೂಜಿಯೂ ಜೆಟ್ಟಿನಿಂದ ಮೇಲೇಳುತ್ತದೆ. ಸೂಜಿ ತೆಳ್ಳಗಿದ್ದಷ್ಟೂ ಸುತ್ತಲಿನ ಸಂದಿ ದೊಡ್ಡದು, ಪೆಟ್ರೋಲು ಹೆಚ್ಚು. ಎರಡು ಕಾರ್ಬ್ಯುರೇಟರ್ ಸಮನಾಗಿ ಎಳೆಯುತ್ತಿವೆಯೇ ಎಂದು ತಿಳಿಯಲು ಹಳಬರು ಮೊಳದುದ್ದ ರಬ್ಬರ್ ಟ್ಯೂಬನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಎರಡರ ಬಾಯಿಗೂ ಒಡ್ಡಿ ಬುಸುಗುಟ್ಟುವ ಸದ್ದನ್ನು ಹೋಲಿಸುತ್ತಿದ್ದರು. ಆ ಉಪಾಯ ಈಗಲೂ ನಡೆಯುತ್ತದೆ.

ಅವಳ ಇನ್ನೊಂದು ಆಕ್ಷೇಪ ಗಟ್ಟಿಯಾಗಿತ್ತು. “ಇದೆಲ್ಲ ಬಿಡುವೂ ದುಡ್ಡೂ ಇರುವವರ ಹವ್ಯಾಸ ಅಲ್ಲವಾ ಮಾವ? ಟ್ಯಾಕ್ಸಿ ಓಡಿಸುತ್ತಿದ್ದವರು ಗ್ರಾಂ ಲೆಕ್ಕ ಹಾಕುತ್ತಿದ್ದರಾ?”

“ದುಡ್ಡು ಖರ್ಚಾಗುತ್ತೆ, ಇಲ್ಲ ಅನ್ನಲ್ಲ. ಆದರೆ ಈ ವಿದ್ಯೆ ನಮ್ಮಂಥವರದ್ದಲ್ಲ, ಟ್ಯಾಕ್ಸಿಯವರದ್ದೇ. ಸ್ಟ್ಯಾಂಡಿನ ಪಕ್ಕದ ಮೆಕ್ಯಾನಿಕ್ಕುಗಳು ಈ ಎಂಜಿನ್ನನ್ನು ರಸ್ತೆ ಬದಿಯಲ್ಲೇ ಇಳಿಸಿ, ರಿಂಗು ಬೇರಿಂಗು ಹಾಕಿ, ಮತ್ತೆ ಓಡಿಸುತ್ತಿದ್ದರು. ನನ್ನ ಬೋರಿಂಗ್ ಮಾಡುವವರು ಐಡಿಯಲ್ ಜಾವಾದಲ್ಲಿ ಕೆಲಸ ಕಲಿತವರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೆ ಸ್ವಂತ ಅಂಗಡಿ ಹಾಕಿದರು. ಪಿಸ್ಟನ್ ತಂದುಕೊಡುವವರೆಗೆ ಬ್ಲಾಕಿಗೆ ಕೈ ಹಚ್ಚುವುದಿಲ್ಲ ಅಂದರು. ನಾಲ್ಕು ಪಿಸ್ಟನ್ನನ್ನೂ ಅಳೆದು, ಯಾವುದಕ್ಕೆ ಯಾವ ಸಿಲಿಂಡರು ಅಂತ ಬರೆದು, ಆಮೇಲೆ ಒಂದೊಂದನ್ನೂ ಅದರದರ ಅಳತೆಗೆ ಕೊರೆಯುತ್ತಾರೆ. ಕೊನೆಗೆ ಹೋನಿಂಗ್. ಗೆರೆಗಳು ಒಂದಕ್ಕೊಂದು ಅಡ್ಡಹಾದು ಹೋಗಬೇಕು, ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲಿ. ಅವರ ಮಗ ಬೇರೆ ಕೆಲಸಕ್ಕೆ ಹೋಗಿದ್ದಾನೆ. ಅವರ ನಂತರ ಆ ಯಂತ್ರಕ್ಕೆ ಯಾರು?”

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಹುಡುಕಿದರೆ ಸಿಗುತ್ತವೆ. ಬೇಕಾದರೆ ಎಂಜಿಎ, ಎಂಜಿಬಿಗೆ ಭಾಗ ಮಾಡುವ ಇಂಗ್ಲೆಂಡಿನ ಅಂಗಡಿಗಳಿಂದಲೂ ತರಿಸಬಹುದು. ಅಳತೆಯ ಕೈ ಹಾಗೆ ತರಿಸುವಂಥದ್ದಲ್ಲ. ಹಳೆಯ ಕಾರುಗಳ ಬಗ್ಗೆ ಮಾತಾಡುವಾಗ ಹೊಳೆಯುವ ಬಣ್ಣವೇ ಮುಂದೆ ಬರುತ್ತದೆ, ಇಂಥ ಸಣ್ಣ ಅಂಗಡಿಗಳ ಮಾತು ಬರುವುದೇ ಇಲ್ಲ. ಬರಬೇಕು.

“ಸ್ಟಾರ್ಟ್ ಆದಾಗಲೇ ತಾನೆ ನಿಜವಾದ ಖುಷಿ?”

“ಆಗ ಜೀವ ಕೈಯಲ್ಲಿ ಹಿಡಿದಿರುತ್ತೇನೆ, ಖುಷಿಗೆ ಪುರುಸೊತ್ತೆಲ್ಲಿ! ಹೊಸ ಕ್ಯಾಮಿಗೂ ಟ್ಯಾಪೆಟ್ಟಿಗೂ ಮೊದಲ ಇಪ್ಪತ್ತು ನಿಮಿಷವೇ ಗಂಡಾಂತರ. ಸ್ಟಾರ್ಟ್ ಆದ ಕೂಡಲೇ 2000 ಸುತ್ತಿಗೆ ಏರಿಸಿ ಹಿಡಿಯಬೇಕು. ಐಡ್ಲಿಂಗಿಗೆ ಬಿಟ್ಟರೆ ಕ್ರ್ಯಾಂಕಿನಿಂದ ಎರಚುವ ಎಣ್ಣೆ ಕ್ಯಾಮಿಗೆ ಸಾಲದು, ಮೂತಿ ಸವೆದುಹೋಗುತ್ತೆ. ಅದಕ್ಕೇ ಮುಂಚೆ ಪ್ಲಗ್ ಬಿಚ್ಚಿ, ಬರೀ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರಿಸಿಕೊಳ್ಳುವುದು. ನನಗೆ ಸುಖ ಅಂದರೆ ಕ್ರ್ಯಾಂಕ್ ಕೂರಿಸುವ ದಿನ.”

ಆ ದಿನಕ್ಕೆ ಮುಂಚೆ ಬ್ಲಾಕಿನ ಸ್ನಾನ. ಹೋನಿಂಗ್ ಕಲ್ಲಿನ ಪುಡಿ ಸೀಮೆಎಣ್ಣೆಗೆ ಹೋಗುವುದಿಲ್ಲ, ಬಿಸಿನೀರು ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಬೇಕು. ಎಣ್ಣೆ ಹರಿಯುವ ರಂಧ್ರಗಳ ಬಿರಡೆ ತೆಗೆದು ಅವುಗಳೊಳಗೂ ಬ್ರಷ್ ಆಡಿಸಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಇದೇ ಕೆಲಸ. ಆಮೇಲೆ ತುಕ್ಕು ಹತ್ತುವ ಮೊದಲು ಎಣ್ಣೆ ಸವರಿ, ಬೇರಿಂಗು ಕೂರಿಸಿ, ಕ್ರ್ಯಾಂಕ್ ಇಳಿಸುತ್ತಾರೆ. ಜರ್ನಲ್ಲಿನ ಮೇಲೆ ನೂಲಿನಷ್ಟು ಸಣ್ಣ ಪ್ಲಾಸ್ಟಿಗೇಜ್ ಎಳೆ ಇಟ್ಟು, ಕ್ಯಾಪನ್ನು ಪೂರ್ತಿ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚುತ್ತಾರೆ. ಎಳೆ ಚಪ್ಪಟೆಯಾಗಿ ಎಷ್ಟು ಅಗಲ ಹರಡಿದೆಯೋ ಅದನ್ನು ಪೊಟ್ಟಣದ ಮೇಲಿನ ಪಟ್ಟಿಗೆ ಹೋಲಿಸಿದರೆ ಸಂದಿ ಎಷ್ಟು ಥೌ ಎಂದು ಸಿಗುತ್ತದೆ. ಒಂದರಿಂದ ಎರಡೂವರೆಯೊಳಗೆ ಇರಬೇಕು. ಬಿಗಿಯುವ ಬಲ ಎಂಜಿಎ ಕೈಪಿಡಿಯ ಪ್ರಕಾರ ಮೇನ್ ಬೇರಿಂಗಿಗೆ 70 ಪೌಂಡ್-ಅಡಿ, ರಾಡಿಗೆ 35, ಹೆಡ್ಡಿಗೆ 50. ಹೆಡ್ಡನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ.

“ಈ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗು. ಒಂದು ಕ್ಯಾಪ್ ಬಿಗಿದ ಕೂಡಲೇ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಇನ್ನೊಂದು ಬಿಗಿದು ಮತ್ತೆ ತಿರುಗಿಸುತ್ತೇನೆ. ಬಿಗಿ ಬಂದರೆ ಈಗ ಬಿಗಿದದ್ದರಲ್ಲೇ ದೋಷ, ಹುಡುಕಬೇಕಾಗಿಲ್ಲ. ಮೂರೂ ಬಿಗಿದ ಮೇಲೆ ಎರಡು ಬೆರಳಿಗೆ ಸುಮ್ಮನೆ ತಿರುಗುತ್ತಲ್ಲ, ಆಗ ನನಗೆ ಎಲ್ಲ ಬಂದುಬಿಟ್ಟಿತು ಅನ್ನಿಸುತ್ತೆ. ಅಷ್ಟು ದಿನ ಬರೆದಿಟ್ಟ ಅಳತೆ ಎಲ್ಲ ನಿಜ ಅಂತ ಕೈಗೆ ಗೊತ್ತಾಗುತ್ತೆ.”

“ಆದರೂ ನಾನಾಗಿದ್ದರೆ ಇಸುಜುವನ್ನೇ ಹಾಕಿಸುತ್ತಿದ್ದೆ,” ಎಂದಳು ಅವಳು. “ದಿನಾ ಬೆಳಗ್ಗೆ ಎಂಟಕ್ಕೆ ಕಾಲೇಜಿನಲ್ಲಿರಬೇಕಾದವಳು ನಾನು.”

“ಹಾಕಿಸು, ತಪ್ಪೇನು? ಸದ್ಯಕ್ಕೆ ಆ ಬ್ಯುರೆಟ್ ಕೊಡು.”

ಹೆಡ್ಡನ್ನು ಮಗುಚಿ ಮಟ್ಟವಾಗಿ ಇಟ್ಟಿದ್ದರು. ವಾಲ್ವು, ಪ್ಲಗ್ಗು ಹಾಕಿದ ದಹನಕೋಣೆಯ ಮೇಲೆ ಅಂಚಿಗೆ ಗ್ರೀಸು ಸವರಿದ ಅಕ್ರಿಲಿಕ್ ಹಲಗೆ ಕೂರಿಸಿ, ಅದರ ತೂತಿನಿಂದ ಬ್ಯುರೆಟ್ಟಿನ ಬಣ್ಣದ ದ್ರವ ಬಿಡುವುದು. ಗುಳ್ಳೆ ಉಳಿಯದಂತೆ ತುಂಬಿದಾಗ ಎಷ್ಟು ಇಳಿಯಿತೋ ಅದೇ ಕೋಣೆಯ ಗಾತ್ರ. ಒಂದು ಸಿಲಿಂಡರು ಈಗ 377.5 ಸಿಸಿ. ಕಂಪ್ರೆಷನ್ 8.5 ಬೇಕೆಂದರೆ ಕೋಣೆ, ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ತಲೆಯ ತಗ್ಗು ಎಲ್ಲ ಸೇರಿ 50.3 ಸಿಸಿ ಇರಬೇಕು; ಎರಡೇ ಸಿಸಿ ಹೆಚ್ಚಾದರೂ 8.2ಕ್ಕೆ ಇಳಿಯುತ್ತದೆ. ನಾಲ್ಕು ಕೋಣೆಗಳಲ್ಲಿ ದೊಡ್ಡದು ಯಾವುದೋ ಅದಕ್ಕೆ ಉಳಿದವನ್ನು ಉಜ್ಜಿ ಸಮ ಮಾಡಿ, ಆಮೇಲೆ ಇಡೀ ಹೆಡ್ಡಿನ ಮುಖ ಹೆರೆಸಿ ಬೇಕಾದ ಅಳತೆಗೆ ತರುವುದು ಮಾವನ ಯೋಜನೆ.

ಬ್ಯುರೆಟ್ ಹಿಡಿಯುವುದು ಅವಳ ದಿನನಿತ್ಯದ ಕೆಲಸವಲ್ಲದಿದ್ದರೂ ಓದುವ ಕಣ್ಣು ಅವಳದೇ ಚುರುಕು. ಮೊದಲ ಎರಡು ಕೋಣೆಗಳ ಅಳತೆ ಹೇಳಿದಳು, ಮಾವ ಪುಸ್ತಕದಲ್ಲಿ ಬರೆದುಕೊಂಡರು.

“ಮೂರನೆಯದು?”

“ಒಂದೂಕಾಲು ಸಿಸಿ ಕಡಿಮೆ ತೋರಿಸುತ್ತಿದೆ. ಆದರೆ ಬರೆಯಬೇಡಿ ಮಾವ, ಗ್ರೀಸು ಒಳಗೆ ಸೇರಿದೆ,” ಎಂದು ಅವಳು ಹಲಗೆ ಎತ್ತಿ ಅಂಚು ಒರೆಸತೊಡಗಿದಳು. “ಇನ್ನೊಂದು ಸಲ ಅಳೆಯೋಣ.”